ಮೊಬೈಲಿನಲ್ಲಿ ನೋಡಿದ ಹುಲ್ಲು

ದೃಷ್ಟಿ ತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಕಾಲಿಗೆ ಕಪ್ಪು ದಾರ ಕಟ್ಟಿಕೊಂಡು ಆಟಕ್ಕೆ ಬರುವ ಮಕ್ಕಳಿಗೆ, ಓಡುವುದು ಕಾಲೋ ದಾರವೋ ಎಂದು ಗದರಿಸಿದ್ದೇನೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನಗೆ ಮರ್ಯಾದೆ ತರದ ಭಾಗವನ್ನೂ ಬಿಡದೆ.

ಮಂಜುನಾಥ ಸಿದ್ದಾಪುರದಲ್ಲಿ ನನ್ನ ಜೊತೆ ಓದಿದವನು. ಆಗ ನಾನು ಶಾಲೆಯ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಅವನಿಗೆ ಚೆಂಡು ನೆಟ್ಟಗೆ ಒದೆಯಲೂ ಬರುತ್ತಿರಲಿಲ್ಲ. ಪಾಪ ಎಂದು ಸುಣ್ಣದ ಗೆರೆ ಎಳೆಯುವ ಕೆಲಸ ಕೊಟ್ಟಿದ್ದೆ. ಆ ಮಂಜ ಈಗ ಕೊಲ್ಲಿ ದೇಶದ ಒಂದು ಭಾರೀ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹುಲ್ಲು ನೋಡಿಕೊಳ್ಳುವವರಿಗೆಲ್ಲ ಮುಖ್ಯಸ್ಥ. ನಾನು ನಿಲ್ಕುಂದದ ಕಡೆಯ ಶಾಲೆಯೊಂದರಲ್ಲಿ ಇನ್ನೂ ಸೀಟಿ ಊದುತ್ತಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಕ್ಕಳಿಂದ ಗ್ರೌಂಡಿನ ಕಲ್ಲು ಹೆಕ್ಕಿಸುತ್ತಿದ್ದೆ. ಗ್ರೌಂಡ್ ಎಂದರೆ ಇಳಿಜಾರು ಜಾಗ. ಜೋರಾಗಿ ಒದ್ದರೆ ಚೆಂಡು ಹಳ್ಳಕ್ಕೆ ಹೋಗುತ್ತದೆ, ಬಿದ್ದರೆ ಮೊಣಕಾಲಿನ ಚರ್ಮ ಹೋಗುತ್ತದೆ. ಆಗ ಮಂಜನ ವಿಡಿಯೋ ಕಾಲ್ ಬಂತು. "ಬಾ ಮಾರಾಯಾ, ಹೊರಗಿನವ್ಕೆ ತೋರ್ಸದೇ ಇದ್ದ ಜಾಗೆಲ್ಲ ತೋರಸ್ತೆ" ಎಂದ.

ಮೊಬೈಲ್ ಹಿಡಿದುಕೊಂಡೇ ಇಡೀ ಕ್ರೀಡಾಂಗಣ ಸುತ್ತಿಸಿದ. ಆಟಗಾರರ ಕೋಣೆಯಲ್ಲಿ ಒಬ್ಬೊಬ್ಬನಿಗೂ ಹೆಸರು ಬರೆದ ಚರ್ಮದ ಕುರ್ಚಿ. ಮೈನೋವಿಗೆ ಒಂದು ಬಿಸಿನೀರಿನ ತೊಟ್ಟಿ, ಒಂದು ಮಂಜುಗಡ್ಡೆಯ ತೊಟ್ಟಿ. ಪ್ರೇಕ್ಷಕರ ಕುರ್ಚಿಯ ಅಡಿಯಿಂದ ತಂಗಾಳಿ. ಬೂಟು ಒಣಗಿಸಲು ಬೇರೆಯೇ ಕೋಣೆ! ನಮ್ಮ ಶಾಲೆಯ ಹುಡುಗಿಯರಿಗೆ ಆಟದ ಬಟ್ಟೆ ಹಾಕಿಕೊಳ್ಳಲು ಒಂದು ಕೋಣೆ ಕೊಡಿ ಎಂದು ನಾನು ಎಷ್ಟು ಅರ್ಜಿ ಬರೆದಿದ್ದೇನೋ ನನಗೇ ನೆನಪಿಲ್ಲ.

ಕೊನೆಗೆ ಆಟಗಾರರು ಬರುವ ಸುರಂಗದ ದಾರಿಯಿಂದ ಅವನು ಹೊರಗೆ ಬಂದ. ಎದುರಿಗೆ ಆ ಹುಲ್ಲು. ಬಿಸಿಲು ಬೀಳದ ಕಡೆಗೆ ಗಾಲಿಯ ಮೇಲಿನ ದೀಪಗಳು, ಬೇರಿಗೆ ತಂಪು ಕೊಡಲು ನೆಲದಡಿಯಲ್ಲಿ ಕೊಳವೆಗಳು. ಮಂಜ ಮಾತಾಡುತ್ತಲೇ ಇದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಗೆರೆ ಎಳೆಯುವವನಿಗೆ ಇದೆಲ್ಲ, ಗೋಲು ಹೊಡೆದವನಿಗೆ ಈ ಕಲ್ಲು.

"ಬಲಗಡೆ ಮೂಲೆ ಹತ್ರ ತೋರ್ಸು" ಎಂದೆ. ಶಾಲೆಯಲ್ಲಿ ನನ್ನ ಮೂಲೆ ಅದು, ಅಲ್ಲಿಂದ ನಾನು ಒದ್ದರೆ ಗೋಲು ಎನ್ನುತ್ತಿದ್ದರು. ಅವನು ಬಗ್ಗಿ ಹುಲ್ಲಿನ ಹತ್ತಿರ ಮೊಬೈಲ್ ಹಿಡಿದ. "ಚೊಲೊ ಇದ್ದು" ಎಂದು ಬಾಯಲ್ಲಿ ಹೇಳಿದೆ. ಈ ಮೂಲೆಯೊಂದಾದರೂ ಒಣಗಬಾರದೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ನಾಲ್ಕು ದಿನದ ಮೇಲೆ ಮಂಜ ಮತ್ತೆ ಕಾಲ್ ಮಾಡಿದ. ಮುಖ ಇಳಿದುಹೋಗಿತ್ತು. ಅದೇ ಮೂಲೆಯಲ್ಲಿ ಚಾಪೆಯಷ್ಟಗಲ ಹುಲ್ಲು ಹಳದಿಯಾಗಿತ್ತು. ನೀರು, ಗೊಬ್ಬರ, ಔಷಧಿ ಎಲ್ಲ ನೋಡಿ ಆಗಿತ್ತು. ದೊಡ್ಡ ಪಂದ್ಯಕ್ಕೆ ಹತ್ತೇ ದಿನ. "ಇದು ಸರಿಯಾಗದಿದ್ರೆ ಎನ್ನ ಕೆಲಸ ಹೋತು" ಎಂದ. ಆಮೇಲೆ, ಸುಮ್ಮನೆ ಎಂಬ ಹಾಗೆ, "ಆನು ಬೇರೆ ಯಾರಿಗೂ ತೋರ್ಸಿದ್ನಿಲ್ಲೆ, ನಿಂಗೊಬ್ಬಂಗೇ" ಎಂದ.

ಶನಿವಾರ ಅವನ ಅಕ್ಕ ಸರೋಜಕ್ಕ, ಅಂಗಡಿಗೆ ಬಂದು ಹೋಗು ಎಂದು ಫೋನ್ ಮಾಡಿದಳು. ಸಿದ್ದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಅವಳದು ಹೊಲಿಗೆ ಅಂಗಡಿ. ಹಿಂದೆ ನಮ್ಮ ತಂಡದ ಅಂಗಿಗಳನ್ನು ಹೊಲಿದುಕೊಟ್ಟವಳೂ ಅವಳೇ. ಶಾಲೆ ಬಿಟ್ಟ ಮೇಲೆ ಹೋದೆ. ಹೊಲಿಗೆ ಯಂತ್ರಕ್ಕೆ ಮೊಬೈಲ್ ಒರಗಿಸಿಟ್ಟಿದ್ದಳು. ಅದರಲ್ಲಿ ಆ ಮೂಲೆ, ಪಕ್ಕದಲ್ಲಿ ಮಂಜ. ಅವಳ ಒಂದು ಕೈಯಲ್ಲಿ ಉಪ್ಪು, ಏಳು ಒಣಮೆಣಸು.

"ತಮಾ, ಬೂಟು ತೆಗ್ದು ಕೊಡು."

ಕೊಟ್ಟೆ. ಅದರ ತಳಕ್ಕೆ ಮೆತ್ತಿದ್ದ ನಮ್ಮ ಗ್ರೌಂಡಿನ ಕೆಂಪು ಮಣ್ಣನ್ನು ಕತ್ತರಿಯ ತುದಿಯಿಂದ ಕೆರೆದು ಉಪ್ಪಿಗೆ ಸೇರಿಸಿದಳು. ಮೊಬೈಲಿಗೆ ಮೂರು ಸುತ್ತು ನಿವಾಳಿಸಿದಳು. ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಎಲ್ಲವನ್ನೂ ಕೆಂಡಕ್ಕೆ ಹಾಕಿದಳು.

ನಾನು ಕೆಮ್ಮಲು ಸಿದ್ಧನಾಗಿ ನಿಂತೆ. ಕೈ ಚಾಚಿದರೆ ಎರಡೂ ಗೋಡೆ ಸಿಗುವ ಅಂಗಡಿ ಅದು. ಉಪ್ಪು ಚಟಪಟ ಎಂದಿತು. ಮೆಣಸು ಕಪ್ಪಾಯಿತು, ಹೊಗೆ ಎದ್ದಿತು. ಘಾಟು ಮಾತ್ರ ಇಲ್ಲ. ಬಗ್ಗಿ ಮೂಸಿದೆ. ಏನೂ ಇಲ್ಲ. ದೃಷ್ಟಿಯಾಗಿದ್ದರೆ ಮೆಣಸು ಘಾಟು ಬರುವುದಿಲ್ಲ ಎಂದು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ದೃಷ್ಟಿ ಹಾಕಿದವನ ಕಾಲಡಿಯ ಮಣ್ಣನ್ನೇ ನಿವಾಳಿಸಬೇಕು ಎನ್ನುವುದನ್ನೂ ಕೇಳಿದ್ದೆ.

"ಎನ್ನ ಬೂಟಿನ ಮಣ್ಣೇ ಎಂತಕ್ಕೆ ಅಕ್ಕಾ?" ಎಂದು ಕೇಳಿದೆ.

"ಊರ ಮಣ್ಣು ಬೇಕಾಗಿತ್ತು, ಅಷ್ಟೇಯಾ" ಎಂದಳು. ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಚಾ ಕುಡ್ಕಂಡು ಹೋಗು."

ಅವಳು ಮೆಣಸು ತೆಗೆದಿದ್ದ ಪೊಟ್ಟಣದಿಂದಲೇ ಇನ್ನೊಂದನ್ನು ಕೇಳಿ ತಂದು ಮನೆಯ ಒಲೆಗೆ ಹಾಕಿ ನೋಡಿದೆ. ಮನೆಮಂದಿಯೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡಿದರು. ಹೆಂಡತಿ ಬೈದದ್ದನ್ನು ಇಲ್ಲಿ ಬರೆಯಲಾರೆ.

ಪಂದ್ಯಕ್ಕೆ ಮೊದಲೇ ಹುಲ್ಲು ಹಸಿರಾಯಿತು. ನೆಲದಡಿಯ ಕೊಳವೆ ಕಟ್ಟಿಕೊಂಡಿತ್ತು, ಬಿಡಿಸಿದೆವು ಎಂದು ಮಂಜ ಹೇಳಿದ. ಇರಬಹುದು. ನಾನೂ ಹಾಗೆಯೇ ನಂಬಲು ನೋಡಿದ್ದೇನೆ. ಆದರೆ ಅಷ್ಟು ದೊಡ್ಡ ಮೈದಾನದಲ್ಲಿ ಕೊಳವೆ ಕಟ್ಟಲು ಅದೇ ಮೂಲೆ ಯಾಕೆ ಬೇಕಾಗಿತ್ತು? ಅಂಗಡಿಯಲ್ಲಿ ಬಾರದ ಘಾಟು ಮನೆಯಲ್ಲಿ ಹೇಗೆ ಬಂತು? ಅಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಮಂಜನಿಗೆ ಇವತ್ತಿಗೂ ಹೇಳಿಲ್ಲ.

ಕಳೆದ ಸಲ ರಜೆಗೆ ಬಂದಾಗ ಅವನು ನಮ್ಮ ಶಾಲೆಗೆಂದು ಒಂದು ಚೀಲ ಹುಲ್ಲಿನ ಬೀಜ ತಂದುಕೊಟ್ಟ. ಗ್ರೌಂಡಿನ ಒಂದು ಮೂಲೆ ಹದ ಮಾಡಿ ಬಿತ್ತಿದೆವು. ಚೆನ್ನಾಗಿ ಬಂದಿದೆ. ದನ ಬಾರದ ಹಾಗೆ ಮುಳ್ಳು ಹಾಕಿದ್ದೇನೆ, ದಿನಕ್ಕೆರಡು ಸಲ ಹೋಗಿ ನೋಡುತ್ತೇನೆ.

ಮೊನ್ನೆ ಮಂಜ ವಿಡಿಯೋ ಕಾಲ್ ಮಾಡಿ, "ಹುಲ್ಲು ಬಂತನಾ? ತೋರ್ಸು ನೋಡನ" ಎಂದ. ನಾನು ಆ ಹುಲ್ಲಿನ ಪಕ್ಕದಲ್ಲೇ ನಿಂತಿದ್ದೆ. ಮೊಬೈಲನ್ನು ಕಲ್ಲಿನ ಕಡೆಗೆ ತಿರುಗಿಸಿ, "ಇನ್ನೂ ಬಂಜಿಲ್ಲೆ ಮಾರಾಯಾ" ಎಂದೆ.