ಒಂದು ದೀಪ, ನಾಲ್ಕು ಮಂದಿಯ ಕಾವಲು

ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹಾಯಾಗಿ ಕೂಡುವ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ. ಹಿಟ್ಟು ಬೀಸಿಸಿಕೊಂಡು ಬಾ ಎಂದು ಯಾರನ್ನಾದರೂ ಕಳಿಸಿದರೆ, ಅವರು ಬರುವವರೆಗೆ ನನ್ನ ಮನಸ್ಸೂ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತಿರುತ್ತದೆ. ಮಧ್ಯಾಹ್ನ ಬೆಟಗೇರಿಯ ಓಣಿಯಲ್ಲಿ ಮಗ್ಗಗಳ ಸಪ್ಪಳ ಕೇಳುತ್ತ ಅಡ್ಡಾದಾಗ, ಅರೆನಿದ್ದೆಯಲ್ಲಿ ಒಂದು ಪ್ರಶ್ನೆ ತೇಲಿ ಬರುತ್ತದೆ. ಕೆಲಸವೇನೋ ಕೈಯಿಂದ ಕೈಗೆ ದಾಟುತ್ತದೆ, ಅದರ ಚಿಂತೆ ಎಲ್ಲಿ ಉಳಿಯುತ್ತದೆ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವನು ನನ್ನ ಮೈದುನ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ. ಆಗಿನ್ನೂ ನಾವ್ಯಾರೂ ಆ ಯಂತ್ರದ ಮುಖ ಕಂಡವರಲ್ಲ. ಮುಂದೊಂದು ಕಾಲಕ್ಕೆ ಅದರೊಳಗೆ ಕಣ್ಣಿಗೆ ಕಾಣದ ಕೆಲಸಗಾರರು ಇರುತ್ತಾರಂತೆ. ಒಬ್ಬನಿಗೆ ಹೇಳಿದರೆ ಸಾಕು, ಅವನೇ ಯೋಚಿಸಿ ಇನ್ನೊಬ್ಬನಿಗೆ ಒಪ್ಪಿಸುತ್ತಾನಂತೆ, ಅವನು ಮತ್ತೊಬ್ಬನಿಗೆ. ಕೆಲಸ ಕೆಟ್ಟರೆ ಯಾರನ್ನು ಹಿಡಿದು ಕೇಳಬೇಕು ಎಂಬುದಕ್ಕೆ ದೊಡ್ಡ ತರ್ಕವೇ ಬೇಕಂತೆ.

ಆ ವರ್ಷ ನಮ್ಮ ಅತ್ತೆಯ ಕಣ್ಣಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಮನೆ ಬಿಡುವಾಗ ದೇವರ ಮುಂದೆ ನಂದಾದೀಪ ಹಚ್ಚಿ, "ನಾ ತಿರುಗಿ ಬರೂತನ ಇದು ಆರಬಾರ್ದವಾ. ಇದು ಆರಿದ್ರ ನನ್ನ ಕಣ್ಣೂ ಆರಿದಂಗ. ನಿನ್ನ ಮ್ಯಾಲ ಬಿಟ್ಟೇನಿ" ಎಂದರು. ಆದರೆ ಅವರ ಜೊತೆ ಆಸ್ಪತ್ರೆಯಲ್ಲಿ ಇರಬೇಕಾದವಳೂ ನಾನೇ. ನಮ್ಮ ಯಜಮಾನರಿಗೆ ದೀಪ ಒಪ್ಪಿಸುವ ಧೈರ್ಯ ನನಗಿರಲಿಲ್ಲ. ಮಗ್ಗದಲ್ಲಿ ಕೂತರೆ ಊಟದ ನೆನಪೇ ಇಲ್ಲದ ಮನುಷ್ಯ. ಪಕ್ಕದ ಮನೆಯ ಶಾಂತಕ್ಕನಿಗೆ ಹೇಳಿದೆ. "ನಾ ಅದೀನಲ್ಲ, ನೀ ನಿಶ್ಚಿಂತಿಂದ ಹೋಗು" ಎಂದಳು.

ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಅತ್ತೆ ಆಗಾಗ ಕೇಳುತ್ತಿದ್ದರು, "ದೀಪ ಉರಿಯಾಕತ್ತೈತೇನು?"

"ಉರಿಯಾಕತ್ತೈತ್ರಿ ಅತ್ತಿ" ಎನ್ನುತ್ತಿದ್ದೆ. ನನಗೇನು ಗೊತ್ತು? ಆ ಹೌದು ಎಂಬ ಮಾತು ಶಾಂತಕ್ಕನ ಕೈಯಲ್ಲಿತ್ತು.

ಮೈದುನ ಗುಳಿಗೆಯ ಪೊಟ್ಟಣ ಬಿಚ್ಚಿ, ಒಳಗಿನ ಬಿಳಿ ಕಾಗದದ ಮೇಲೆ ಗೆರೆ ಎಳೆದು ಬಾಣ ಬರೆದ. "ವೈನಿ, ನೀವು ಶಾಂತಕ್ಕಗ ಒಪ್ಪಿಸೀರಿ. ಆಕಿ ಮತ್ತೊಬ್ಬರಿಗೆ ಒಪ್ಪಿಸಿದ್ರ? ದೀಪ ಆರಿದ್ರ ತಪ್ಪು ಯಾರದು?"

"ಬಿಡ್ತು ಅನ್ನೋ! ಆರೂ ಮಾತ್ಯಾಕ?" ಎಂದು ಗದರಿದೆ. ಆದರೆ ಆ ಬಾಣ ನನ್ನ ಎದೆಯಲ್ಲೇ ನೆಟ್ಟಿತು.

ಕೂತು ಯೋಚಿಸಿದೆ. ಭಗವಂತನೂ ಕೆಲಸ ವಹಿಸಿಕೊಟ್ಟವನೇ ಅಲ್ಲವೇ? ಮಳೆಯನ್ನು ಮೋಡಕ್ಕೆ ಒಪ್ಪಿಸಿದ, ಮೋಡವನ್ನು ಗಾಳಿಗೆ. ಮಳೆ ತಪ್ಪಿದರೆ ನಾವು ಗಾಳಿಯನ್ನು ಕರೆದು ಕೇಳುವುದಿಲ್ಲ, ಅವನನ್ನೇ ಕೂಗುತ್ತೇವೆ. ಪಾಪ, ಅವನ ಪಾಡು ನನ್ನ ಪಾಡೇ ಎನ್ನಿಸಿ, ದೇವರ ಮೇಲೆ ಒಂದಿಷ್ಟು ಅಂತಃಕರಣ ಹುಟ್ಟಿತು.

ಅತ್ತೆಯನ್ನು ಕರೆದುಕೊಂಡು, ಮೈದುನನ ಸಮೇತ ಮನೆಗೆ ಬಂದೆವು. ಪಟ್ಟಿ ಬಿಚ್ಚಿ ಕಣ್ಣಿನ ಮುಂದೆ ಇಳಿಬಿಟ್ಟಿದ್ದ ಹಸಿರು ಬಟ್ಟೆಯ ಮರೆಯಿಂದ ಅವರಿಗೆ ಆಗಲೇ ಒಂದಿಷ್ಟು ಮಸುಕಾಗಿ ಕಾಣುತ್ತಿತ್ತು. ನನ್ನ ಕಾಲುಗಳು ಮಾತ್ರ ಹೊಸ್ತಿಲು ದಾಟಲು ಹೆದರುತ್ತಿದ್ದವು. ಅತ್ತೆ ಮೂಗು ಏರಿಸಿದರು. "ಏನಿದು, ಮನಿ ಗಾಣ ಆಗೇತಲ್ಲ!"

ದೀಪ ಉರಿಯುತ್ತಿತ್ತು. ಅದರ ಕೆಳಗಿನ ತಾಟು ತುಂಬಿ, ಕುಸುಬೆ ಎಣ್ಣೆ ನೆಲಕ್ಕೂ ಇಳಿದಿತ್ತು.

ನಾವು ಬಂದದ್ದು ಕಂಡು ಕೂಡಿದವರಿಂದ ತಿಳಿದದ್ದಿಷ್ಟು. ಅಂತೂರ ಬೆಂತೂರ ಎಂಬ ಹಳ್ಳಿಯಲ್ಲಿದ್ದ ಮಗಳಿಗೆ ಹೆರಿಗೆ ನೋವು ಬಂದು ಶಾಂತಕ್ಕ ಓಡಬೇಕಾಯಿತು. ಹೋಗುವಾಗ ಇರಲಿ ಎಂದು ದೀಪದ ತುಂಬ ಎಣ್ಣೆ ಸುರಿದು, ಎದುರು ಮನೆಯ ಬೀಬಿಜಾನಳಿಗೆ ಹೇಳಿದಳು. ಬಟ್ಟೆ ಹೊಲಿಯುವ ಬೀಬಿಜಾನ್, ಬೇರೆಯವರ ದೇವರ ಕೋಣೆಗೆ ಹ್ಯಾಗೆ ಹೋಗಲಿ ಎಂದು ನಮ್ಮ ಯಜಮಾನರಿಗೇ ಒಪ್ಪಿಸಿದಳು. ನಾನು ಯಾರ ಕೈಗೆ ಕೊಡಬಾರದು ಎಂದಿದ್ದೆನೋ ಅವರ ಕೈಗೇ ದೀಪ ಓಣಿ ಸುತ್ತಿ ಬಂದು ಸೇರಿತ್ತು!

ಒಪ್ಪಿಸಿ ಬೀಬಿಜಾನ್ ಸುಮ್ಮನಿದ್ದಳೇ? ಹೊಲಿಗೆ ಬಿಟ್ಟು ಎದ್ದು ಬಂದು ಹೊಸ್ತಿಲಲ್ಲಿ ನಿಂತು, "ಅಣ್ಣಾರ, ಎಣ್ಣಿ ಹಾಕಿದ್ರ್ಯೇನು?" ಎಂದು ಕೇಳಿದಾಗಲೆಲ್ಲ ಇವರು ಮಗ್ಗದಿಂದ ಎದ್ದು ಸುರಿದದ್ದೇ ಸುರಿದದ್ದು. ಮೊಮ್ಮಗ ಹುಟ್ಟಿದ ಖಬರ ತಂದ ಶಾಂತಕ್ಕ ತನ್ನ ಮನೆಗೂ ಹೋಗದೆ ಇಲ್ಲಿಗೆ ಬಂದು ಇನ್ನಷ್ಟು ಹಾಕಿದಳು. ಬತ್ತಿ ಎಣ್ಣೆಯಲ್ಲಿ ಮುಳುಗಿ ಆರುವುದರಲ್ಲಿತ್ತಂತೆ. ಹೊಸ್ತಿಲಿನಿಂದ ಕಂಡ ಬೀಬಿಜಾನ್ "ಬತ್ತಿ ಮುಂದಕ ಎಳೀರಿ!" ಎಂದು ಕೂಗಿದ್ದಕ್ಕೆ ಉಳಿಯಿತು.

"ಆರಿದ್ರ ತಪ್ಪು ಯಾರದಾಗತಿತ್ತು?" ಮೈದುನ ಬಿಡಲಿಲ್ಲ.

"ನಂದ" ಎಂದಳು ಶಾಂತಕ್ಕ. "ನಂದಲ್ಲೇನು?" ಎಂದಳು ಬೀಬಿಜಾನ್. ಇವರು ತಲೆ ಕೆರೆದುಕೊಂಡು, "ಸುರಿದಾಂವ ನಾನs" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೈದುನ ಬಾಣ ಬರೆದ ಆ ಕಾಗದ ಮಡಚಿದ. ಒಂದೇ ತಪ್ಪು ನಾಲ್ಕು ಮಂದಿಯ ಹತ್ತಿರವೂ ಇಡಿಯಾಗಿ ಇರುವುದು ಅವನ ತರ್ಕದಲ್ಲಿ ಕೂಡುತ್ತಿರಲಿಲ್ಲ.

ಅತ್ತೆ ಕೆಳಗೆ ಕೂತು ತಾಟಿನ ಎಣ್ಣೆಯಲ್ಲಿ ಕೈ ಅದ್ದಿದರು. "ಬರ್ರಿ, ತೆಲಿ ಬಗ್ಗಸ್ರಿ" ಎಂದು ಒಬ್ಬೊಬ್ಬರ ನೆತ್ತಿಗೂ ತಟ್ಟಿದರು. ಹೊರಗೇ ನಿಂತ ಬೀಬಿಜಾನಳ ಹತ್ತಿರ ಗೋಡೆ ಹಿಡಿದುಕೊಂಡು ತಾವೇ ನಡೆದು ಹೋದರು. "ನಾ ಏನೂ ಮಾಡಿಲ್ಲವ್ವಾ" ಎಂದು ಮೈದುನ ಹಿಂದೆ ಸರಿದ.

"ಚಿಂತಿ ಹಚ್ಚಿದಾಂವ ನೀನs ಅಲ್ಲೇನೋ, ಬಾ" ಎಂದು ಅವನಿಗೆ ಎರಡೂ ಕೈಯಿಂದ ತಟ್ಟಿದರು.

ಮರುದಿನ ಮಗ್ಗದ ಮುಂದೆ, ಹೊಲಿಗೆ ಯಂತ್ರದ ಮುಂದೆ, ಶಾಂತಕ್ಕ ಮರಳಿ ಹೋದ ಬಾಣಂತಿಯ ಕೋಣೆಯಲ್ಲಿ, ನನ್ನ ಒಲೆಯ ಹತ್ತಿರ, ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ, ಎಲ್ಲ ಕಡೆಗೂ ಒಂದೇ ದೀಪದ ಎಣ್ಣೆಯ ವಾಸನೆ.