ಸೀಸದ ಗೂಡಿನಲ್ಲಿ ಒಂದು ಚಿಟಿಕೆ ವಿಭೂತಿ

ಎಂಬತ್ತರ ದಶಕದ ಆರಂಭ. ಯಶವಂತಪುರದ ಆಚೆ ನಾನು ಕೆಲಸಕ್ಕಿದ್ದ ಪ್ರಯೋಗಾಲಯದಲ್ಲಿ ಮಾತು ಕಡಿಮೆ. ಸೀಸದ ಇಟ್ಟಿಗೆಗಳ ಗೂಡು, ಅದರೊಳಗೊಂದು ತಾಮ್ರದ ಪೆಟ್ಟಿಗೆ, ವಿಕಿರಣ ತಾಗಿದಾಗ ಎಲ್ಲೋ ಒಮ್ಮೆ 'ಟಿಕ್'. ಆ ಪೆಟ್ಟಿಗೆ ಚಿನ್ನದ ಗಣಿಯ ಆಳಕ್ಕಿಳಿದು, ಬಂಡೆಯನ್ನೂ ದಾಟಿ ಬರುವ ಅಪರೂಪದ ಕಣಕ್ಕಾಗಿ ಕಾಯಬೇಕಿತ್ತು. ಧೂಳು, ಬೆವರು, ಗೋಡೆಯ ಸಿಮೆಂಟು, ಎಲ್ಲದರಲ್ಲೂ ಚೂರು ವಿಕಿರಣ ಇರುತ್ತದೆ. ಅವುಗಳ ಗದ್ದಲದಲ್ಲಿ ಆ ಒಂದು ಸದ್ದು ಮುಳುಗಿಹೋಗುತ್ತದೆ. ಹಾಗಾಗಿ ತೊಳೆಯುವುದೇ ನನ್ನ ಕೆಲಸ. ತೊಳೆಯುತ್ತ ತೊಳೆಯುತ್ತ, ಗಣಿಯ ಕತ್ತಲಲ್ಲಿ ಪೆಟ್ಟಿಗೆ ಒಂಟಿಯಾಗಿ ಕೂರಬೇಕಲ್ಲ ಎಂದು ನೆನೆದು ಕೈ ನಿಂತುಬಿಡುತ್ತಿತ್ತು.

ಪೆಟ್ಟಿಗೆ ಮಾಡಿದವರು ಗದಗಿನ ಕಡೆಯ ಹಿರಿಯ ಫಿಟ್ಟರ್. ದಿನಾ ಬಾಗಿಲಲ್ಲೇ ಕೈಗಡಿಯಾರ ಬಿಚ್ಚಿಟ್ಟು, ನಲ್ಲಿಯಲ್ಲಿ ಹಣೆಯ ವಿಭೂತಿ ತೊಳೆದು ಒಳಗೆ ಬರುತ್ತಿದ್ದರು. ಪೆಟ್ಟಿಗೆಯ ಜೊತೆ ತಾವೂ ಗಣಿಗಿಳಿಯಬೇಕೆಂಬುದೊಂದೇ ಅವರ ಆಸೆ.

ಆಯುಧಪೂಜೆ ಬಂತು. ಜಾಲಹಳ್ಳಿಯ ಕಾರ್ಖಾನೆಗಳಲ್ಲಿ ಲೇತುಗಳಿಗೆಲ್ಲ ಹೂವು, ಕುಂಕುಮ. ನಮ್ಮಲ್ಲಿ ಏನೂ ಹಚ್ಚಕೂಡದೆಂದು ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರ ಕಟ್ಟಪ್ಪಣೆ. ಪಾತಾಳಕ್ಕೆ ಹೋಗುವ ಕೂಸನ್ನು ಬರಿಹಣೆಯಲ್ಲಿ ಕಳಿಸುವುದೇ? ನನ್ನ ಜೀವ ಒಪ್ಪಲಿಲ್ಲ. ಯಾರೂ ಇಲ್ಲದಾಗ ಮುಚ್ಚಳದ ಒಳಬದಿಗೆ ಒಂದೇ ಚಿಟಿಕೆ ವಿಭೂತಿ ಒತ್ತಿದೆ.

ಮರುದಿನ ಟಿಕ್ ಟಿಕ್ ಹೆಚ್ಚಾಯಿತು. ಸಾಹೇಬರಿಗೆ ನೆನಪಾದದ್ದು ಫಿಟ್ಟರ್ ಅವರ ಗಡಿಯಾರ. ಅದರ ಮುಳ್ಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣವಿತ್ತು.

"ವಾಚ್ ಕಟ್ಕೊಂಡೇ ಒಳಗೆ ಬಂದಿದೀರಿ. ಗಣಿಗೆ ನೀವ್ ಬರೋದು ಬೇಡ ಕಣ್ರೀ."

"ಬಾಗಿಲದಾಗ ಬಿಚ್ಚಿಟ್ಟೇನ್ರೀ ಸಾಹೇಬ್ರ," ಎಂದರು ಫಿಟ್ಟರ್. ಸಾಹೇಬರು ನಂಬಲಿಲ್ಲ. ಮುದುಕರು ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತರು.

ಥೂ, ನನ್ನ ಜನ್ಮಕ್ಕಿಷ್ಟು! ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದರ ವಿಕಿರಣಕ್ಕೂ ಪೆಟ್ಟಿಗೆ ಟಿಕ್ ಎನ್ನುತ್ತದೆ ಎಂದು ಓದಿ ಪಾಸಾದವಳು ನಾನೇ. ಒಂದಿಡೀ ಬೆಳಗ್ಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಊಟದ ಹೊತ್ತಿಗೆ ಆ ಮುದುಕರು ಡಬ್ಬಿಯನ್ನೂ ತೆರೆಯದ್ದು ಕಂಡು ತಡೆಯಲಾಗಲಿಲ್ಲ.

"ವಾಚಲ್ಲ ಸಾರ್. ವಿಭೂತಿ ಇಟ್ಟಿದ್ದು ನಾನು."

ಸಾಹೇಬರು ಮುಚ್ಚಳ ಬಿಚ್ಚಿ ನನ್ನ ಕೈಗಿತ್ತರು. "ತೊಳೀರಿ," ಎಂದರು, ಅಷ್ಟೇ. ತೊಳೆದೆ. ಎರಡು ದಿನಕ್ಕೆ ಪೆಟ್ಟಿಗೆ ತನ್ನ ಹಳೆಯ ತೂಕಡಿಕೆಗೆ ಮರಳಿತು. ಗಣಿಗೆ ಹೋಗುವವರಲ್ಲಿ ಫಿಟ್ಟರ್ ಮತ್ತೆ ಸೇರಿದರು, ಆ ಪಟ್ಟಿಯಲ್ಲಿದ್ದ ನನ್ನನ್ನು ಸಾಹೇಬರು ಕೈಬಿಟ್ಟರು.

ಲಾರಿ ಹೊರಡುವಾಗ ದೂರ ನಿಂತಿದ್ದೆ. ಫಿಟ್ಟರ್ ಕೈಮಾಡಿ ಕರೆದರು. ತೊಳೆದ ಹಣೆ ಇನ್ನೂ ಒದ್ದೆಯಾಗಿತ್ತು. ಪೆಟ್ಟಿಗೆಯ ಮುಂದೆ ತಾವು ಕೈ ಮುಗಿದು ನನಗೂ ಜಾಗ ಬಿಟ್ಟರು.

"ಕೈ ಮುಗಿ ತಂಗಿ. ಇದಕ್ಕ ಅದು ಟಿಕ್ ಅನ್ನಂಗಿಲ್ಲ."