ಖರೇ ವಾಕ್ಯದ ಮಾಸ್ತರ್ರು

ಮಾಸ್ತರ್ರ ಬಲಗೈಯ ತೋರುಬೆರಳು ನಡುವಿನ ಗೆಣ್ಣಿನವರೆಗೆ ಮಾತ್ರ ಇತ್ತು. ಸೀಮೆಸುಣ್ಣವನ್ನು ಹೆಬ್ಬೆರಳಿಗೂ ಮಧ್ಯದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದುದರಿಂದ ಅವರ ಇಂಗ್ಲಿಷ್ ಅಕ್ಷರಗಳೆಲ್ಲ ಗಾಳಿಗೆ ಒರಗಿದ ಜೋಳದ ದಂಟಿನ ಹಾಗೆ ಒಂದೇ ಕಡೆ ವಾಲುತ್ತಿದ್ದವು. ಹೋಗಿದ್ದು ಎಡಗೈಯ ಬೆರಳೇನೋ ಎಂಬ ಅನುಮಾನ ನನಗೆ ಈಗಲೂ ಒಮ್ಮೊಮ್ಮೆ ಬರುತ್ತದೆ. ಆದರೆ ಅಕ್ಷರ ವಾಲುತ್ತಿದ್ದುದು ನಿಜ, ಬರೆಯುತ್ತಿದ್ದುದು ಬಲಗೈಯಲ್ಲಿ. ಹಾಗಾಗಿ ಬಲಗೈಯೇ ಇರಬೇಕು.

ಪುಣೆ ಹತ್ತಿರದ ಪಿಂಪ್ರಿಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವರು ಸಂಜೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು. ಹರೆಯದಲ್ಲಿ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಬೆರಳು ಕೊಟ್ಟ ಮೇಲೆ ತಾವೇ ಇಂಗ್ಲಿಷ್ ಕಲಿತು, ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬರುತ್ತಿದ್ದವರು ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯ ನಮ್ಮ ಜನ. ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಪುಣೆಗೆ ಬಂದು ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಮುಂದೇನೆಂದು ತಿಳಿಯದೆ ಅವರಿಗೆ ಸಹಾಯಕನಾಗಿದ್ದೆ. ನಾಲ್ಕು ಇಂಗ್ಲಿಷ್ ವಾಕ್ಯದಿಂದ ಯಾರ ಬಾಳು ಬದಲಾದೀತು ಎಂದು ಕೇಳಿದರೆ ಮಾಸ್ತರ್ರು ಕರಿಹಲಗೆ ತೋರಿಸಿ, ‘ನೀ ಮೊದಲ ಫಳಿ ಒರಸೋ, ಆಮ್ಯಾಲ ಬಾಳಿನ ಮಾತಾಡೋಣು’ ಎನ್ನುತ್ತಿದ್ದರು.

ಅವರದು ಒಂದೇ ಕಟ್ಟಳೆ. ವಾಕ್ಯ ಖರೇ ಇರಬೇಕು. ಪುಸ್ತಕದ ರಾಮ, ಸೀತೆಯರು ಶಾಲೆಗೆ ಹೋಗುವ ವಾಕ್ಯಗಳು ಅಲ್ಲಿ ನಡೆಯುತ್ತಿರಲಿಲ್ಲ. ಹೇಳುವವರ ಜೀವನದಲ್ಲಿ ನಡೆದದ್ದು, ಇಲ್ಲವೇ ಅವರು ನಿಜವಾಗಿ ಬಯಸಿದ್ದು ಇರಬೇಕು.

ಆ ಸಂಜೆಯ ಪಾಠ ‘ಸ್ಟಾರ್ಟ್ ಓವರ್’. ಮತ್ತೆ ಮೊದಲಿನಿಂದ ಶುರು ಮಾಡುವುದು ಎಂದು ಅರ್ಥ ಹೇಳಿ ಒಬ್ಬೊಬ್ಬರನ್ನೇ ಎಬ್ಬಿಸಿದರು. ಮನೆಮನೆಗೆ ಅಡುಗೆಗೆ ಹೋಗುತ್ತಿದ್ದ ಒಬ್ಬಾಕೆ ಎದ್ದು, ಚಪಾತಿ ಹಿಟ್ಟು ನೀರಾಯಿತು, ‘ಐ ಸ್ಟಾರ್ಟೆಡ್ ಓವರ್’ ಎಂದಳು.

‘ಹಿಟ್ಟು ಚೆಲ್ಲಿದೇನವ್ವಾ?’

‘ಚೆಲ್ಲತಾರೇನ್ರಿ? ಇನ್ನೊಂದಿಷ್ಟು ಹಿಟ್ಟು ಹಾಕಿ ನಾದಿದೆ.’

‘ಹಂಗಾರ ಅದು ಸ್ಟಾರ್ಟ್ ಓವರ್ ಅಲ್ಲ. ಹಳೇದು ಚೆಲ್ಲಿ ಹೊಸಾದು ಹಿಡದ್ರ ಮಾತ್ರ ಈ ಮಾತು.’

ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಶರಣಮ್ಮ ಎದ್ದು ನಿಂತಳು. ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೆ ಅವಳು ಅತ್ತೆ, ಮೈದುನರ ಜೊತೆ ಅಲ್ಲೇ ಹತ್ತಿರದ ಒಂದು ಚಾಳಿನಲ್ಲಿದ್ದಳು. ವಿಮಾನ ನಗರದ ಒಂದು ಕಚೇರಿಯಲ್ಲಿ ಕಸ ಗುಡಿಸುವ ಕೆಲಸ. ಇಂಗ್ಲಿಷ್ ಬಂದರೆ ಬಂದವರನ್ನು ವಿಚಾರಿಸುವ ಮುಂದಿನ ಮೇಜಿನಲ್ಲಿ ಕೂಡಿಸುತ್ತೇವೆ ಎಂದು ಅಲ್ಲಿ ಹೇಳಿದ್ದರು. ಅತ್ತೆಗೆ ಅವಳನ್ನು ಊರಿಗೆ ಕಳಿಸಿಬಿಡುವ ಮನಸ್ಸು. ಮೈದುನ ಜೊತೆಗೆ ಬಂದು ಕೂತರೆ ಮಾತ್ರ ತರಗತಿ, ಇಲ್ಲದಿದ್ದರೆ ಊರು ಎಂದಾಗಿತ್ತು. ಮೈದುನ ಹಿಂದಿನ ಬೆಂಚಿನಲ್ಲಿ ಕೂತಿದ್ದ.

‘ಐ ವಾಂಟ್ ಟು ಸ್ಟಾರ್ಟ್ ಓವರ್’ ಎಂದಳು ಶರಣಮ್ಮ.

ತಪ್ಪಿಲ್ಲದ ವಾಕ್ಯ. ಮಾಸ್ತರ್ರು ‘ಶಾಬ್ಬಾಸ್’ ಎನ್ನುವಷ್ಟರಲ್ಲಿ ಮೈದುನ ಎದ್ದಿದ್ದ.

‘ವೈನಿ, ಏನಂದಿ? ಮಾಸ್ತರ್ರ, ನೀವ ಈಗ ಹೇಳಿದ್ರಿ, ಹಳೇದು ಚೆಲ್ಲಿದ್ರ ಮಾತ್ರ ಅಂತ. ಹಂಗಾರ ನಮ್ಮಣ್ಣನ್ನ ಚೆಲ್ಲಿದಂಗಾತಲ್ರಿ?’

ಅವನ ದನಿ ಜಗಳದ್ದಾಗಿರಲಿಲ್ಲ, ಒಡೆದಿತ್ತು. ಶರಣಮ್ಮ ಸೆರಗಿನ ತುದಿ ಹಿಡಿದು ನಿಂತೇ ಇದ್ದಳು.

ಆಗ ಮಾಸ್ತರ್ರು ಮೊಂಡು ಬೆರಳನ್ನು ಎತ್ತಿ ತೋರಿಸಿ, ‘ಇದು ಹೋದ ಮ್ಯಾಲ ನಾನೂ ಮೊದಲಿಂದ ಶುರು ಮಾಡಿದೆ. ಹಂಗಂತ ಬೆರಳು ಇರಲೇ ಇಲ್ಲ ಅಂದ್ನೇನು?’ ಎಂದರು. ಮೈದುನ ತಲೆ ತಗ್ಗಿಸಿ ಕೂತ. ಮರುವಾರ ಇಬ್ಬರೂ ತರಗತಿಗೆ ಬಂದರು.

ಇದನ್ನು ನಾನು ವರ್ಷಗಟ್ಟಲೆ ಹೀಗೆಯೇ ಹೇಳಿಕೊಂಡು ಬಂದೆ. ಒಂದು ಸರಿಯಾದ ಮಾತು ಒಂದು ಮನೆಯನ್ನು ಉಳಿಸಿದ್ದಕ್ಕೆ ಇದೇ ನನ್ನ ಬಳಿ ಇದ್ದ ಪುರಾವೆ. ಹೋದ ವರ್ಷ ಶರಣಮ್ಮ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವಳಿಗೂ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

‘ಬೆರಳಿನ ಮಾತು ಅವ್ರು ಎಲ್ಲಿ ಆಡಿದ್ರೀ ಸರ? ನೀವ ಕಟ್ಟೀರಿ. ಅವತ್ತು ಅವ್ರ ಬಾಯಿಂದ ಏನೂ ಬರಲಿಲ್ಲ. ನಮ್ಮ ಮೈದುನ ನನ್ನ ಕರಕೊಂಡು ಎದ್ದು ಹ್ವಾದ. ಊರಿಗೆ ಕಳಸಾಕ ಗಂಟು ಕಟ್ಟಿಸಿದ್ರು.’

‘ಮತ್ತೆ?’

‘ಮರುದಿನ ಮಾಸ್ತರ್ರು ಮನೀಗಿ ಬಂದ್ರು. ನಮ್ಮತ್ತಿ ಬಾಗಲದಾಗ ನಿಂತು, ನಮ್ಮ ಮನೀ ಮಾತು ನಿಮ್ಮ ಫಳಿ ಮ್ಯಾಲ ಬರೀಬ್ಯಾಡ್ರಿ ಅಂತ ಅಂದು ಕಳಿಸಿದ್ಳು. ಮತ್ತ ಬಂದ್ರು. ಹಿಟ್ಟಿನ ಉದಾಹರಣಿ ನಂದ ತಪ್ಪಾತು ತಾಯಿ ಅಂದ್ರು. ನಿಮ್ಮ ಮಗ ಹೆಂಗಿದ್ದ ಹೇಳ್ರಿ ಅಂತ ಹೊಸ್ತಿಲದಾಗ ಕುಂತ್ರು. ಅಂವ ತೀರಿದ ಮ್ಯಾಲ ಹಂಗ ಯಾರೂ ಕೇಳಿದ್ದಿಲ್ರಿ. ಅತ್ತಿ ಅತ್ತು ಅತ್ತು ಹೇಳಿದ್ಳು. ಮುಂದಿನ ಸಲ ಬಂದಾಗ ತಾನ ಚಹಾ ಮಾಡಿದ್ಳು. ಸೋಮವಾರ ನಾವು ಕ್ಲಾಸಿಗೆ ಬಂದ್ವಿ.’

ಅವಳದು ನಿಜವೋ ನನ್ನದು ನಿಜವೋ ಎಂದು ನೇರವಾಗಿ ಮಾಸ್ತರ್ರನ್ನೇ ಕೇಳಲು ಹೋದೆ. ಅವರು ಆಗ ಹಾಸಿಗೆ ಹಿಡಿದಿದ್ದರು. ನನ್ನ ಕಥೆ ಕೇಳಿ ಉಸಿರು ಕಟ್ಟುವಷ್ಟು ನಕ್ಕರು.

‘ಅಷ್ಟು ಶಾಣ್ಯಾ ಇದ್ದಿದ್ರ ಅಲ್ಲೇ ಮುಗಸ್ತಿದ್ದೆನಲ್ಲೋ. ಈ ಮಂಡಿ ಇಟಗೊಂಡು ಅವರ ಮೆಟ್ಟಲ ಅಷ್ಟು ಸಲ ಯಾಕ ಹತ್ತತಿದ್ದೆ? ನಿಂಗ ಮಾತು ಭಾಳ ಸೇರ್ತಾವ ನೋಡು.’

ಚಳಿಗಾಲ ಮುಗಿಯುವ ಮೊದಲೇ ಅವರು ಹೋದರು. ಹೆಗಲು ಕೊಟ್ಟವರಲ್ಲಿ ಶರಣಮ್ಮನ ಮೈದುನನೂ ಇದ್ದ. ಅವಳು ಕಚೇರಿಯ ಮುಂದಿನ ಮೇಜಿನಿಂದಲೇ ನೇರವಾಗಿ ಬಂದಿದ್ದಳು, ಕೊರಳಲ್ಲಿ ಗುರುತಿನ ಚೀಟಿ ಹಾಗೆಯೇ ಇತ್ತು. ಅತ್ತೆಯ ಕೈ ಹಿಡಿದುಕೊಂಡಿದ್ದಳು.

ತರಗತಿಯನ್ನು ಈಗ ನಾನು ನಡೆಸುತ್ತೇನೆ. ಇಷ್ಟರಿಂದ ಏನಾದೀತು ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಆದರೂ ಯಾರಾದರೂ ಬರುವುದನ್ನು ನಿಲ್ಲಿಸಿದರೆ ಅವರ ಮನೆ ಹುಡುಕಿಕೊಂಡು ಹೋಗುತ್ತೇನೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತೇನೆ, ಬಾಗಿಲು ತೆರೆದಾಗ ಅದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಮೊನ್ನೆ ಒಂದು ಮನೆಯ ಹಿರಿಯರು ಅರ್ಧ ಬಾಗಿಲು ತೆರೆದು, ‘ಯಾರ್ರಿ? ಏನ್ ಬೇಕ್ರಿ?’ ಎಂದರು. ಮಾಸ್ತರ್ರ ಕ್ಲಾಸಿನಿಂದ ಬಂದೆ ಎಂದೆ. ಒಳಗೆ ಬಾ ಅನ್ನಲಿಲ್ಲ. ನಾನು ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲ ಹೊರಗೆ ಕೂತೆ.